ಬಟ್ಟೆ ಕೋಣೆಯ ಅಧ್ಯಾಯ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಪಂಡಿತೆ ಎಂದೇ ಕರೆಯುತ್ತಿದ್ದರು. ಊಟದ ಬಿಡುವಿನಲ್ಲಿ ಉಳಿದವರು ಕಾಲು ಚಾಚಿ ಹರಟೆಗೆ ಕೂತರೆ, ಇವಳು ಮಡಚಿಟ್ಟ ಹಾಸುಬಟ್ಟೆಗಳ ರಾಶಿಗೆ ಒರಗಿ ಪುಸ್ತಕ ತೆರೆಯುತ್ತಿದ್ದಳು. ಅವಳು ಓದುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು. ಬರೆಯುತ್ತಾಳೆಂದು ಯಾರಿಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷ, ದಿನಾ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದು ಗಂಟೆ ಅಡುಗೆಮನೆಯ ಮೇಜಿನಲ್ಲಿ ಕೂತು, ಒಂದು ಕಾದಂಬರಿ ಬರೆದು ಮುಗಿಸಿದ್ದಳು. ಒಂದೇ ದೋಣಿ ನಡೆಸುತ್ತಾ ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿರುವ ಅಕ್ಕತಂಗಿಯರ ಕಥೆ. ಜಗಳವಾಡಬೇಕೆಂದರೂ ಅವರಿಗೆ ನಡುವೆ ಒಬ್ಬ ಪ್ರಯಾಣಿಕ ಬೇಕು. "ನಿಮ್ಮ ಹಿಂದೆ ಕೂತಿರೋ ಮಹಾರಾಣಿಗೆ ಸ್ವಲ್ಪ ಹುಟ್ಟು ಹಾಕೋಕೆ ಹೇಳ್ತೀರಾ?" ಎಂದು ಅಕ್ಕ ಯಾರಿಗೋ ಹೇಳುವ ಮಾತು ಬರೆಯುವಾಗ ಇವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಒಳಕೋಣೆಯಿಂದ ಅಮ್ಮ, "ಯಾರೇ ಬಂದಿರೋದು?" ಎಂದು ಕೇಳುತ್ತಿದ್ದಳು.

ಪ್ರಕಾಶಕರಿಗೆ ನೇರವಾಗಿ ಕಳಿಸಿದರೆ ಕಟ್ಟು ಬಿಚ್ಚುವುದೂ ಇಲ್ಲ, ನಡುವೆ ಒಬ್ಬ ಏಜೆಂಟ್ ಬೇಕು ಎಂದು ಹೇಳಿಕೊಟ್ಟವರು ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಹಿರಿಯರು. ಲೇಖಕರ ಪರವಾಗಿ ಪ್ರಕಾಶಕರ ಜೊತೆ ಮಾತಾಡುವವರಂತೆ. ಅವರಿಗೆ ಬರೆಯುವ ಪತ್ರ ಒಂದೇ ಪುಟದಲ್ಲಿ ಮುಗಿಯಬೇಕಂತೆ. ಹನ್ನೊಂದು ವರ್ಷವನ್ನು ಒಂದು ಪುಟಕ್ಕೆ ಇಳಿಸಲು ಅವಳಿಗೆ ಎರಡು ತಿಂಗಳು ಹಿಡಿಯಿತು. ನಲವತ್ತೊಂದು ಜನಕ್ಕೆ ಕಳಿಸಿದಳು. ಒಂಬತ್ತು ಜನ 'ನಮ್ಮ ಪಟ್ಟಿಗೆ ಹೊಂದುವುದಿಲ್ಲ' ಎಂದರು. ಉಳಿದವರು ಅಷ್ಟೂ ಹೇಳಲಿಲ್ಲ.

ಒಂದು ದಿನ ಗ್ರಂಥಾಲಯದವರು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. "ಇಲ್ನೋಡಮ್ಮ, ಈ ಏಜೆಂಟಮ್ಮ ಬೇರೆ ಥರ ಕಾಣ್ತಾರೆ."

ಕನ್ನಡಕ ಹಾಕಿಕೊಂಡ ಹೆಂಗಸಿನ ಫೋಟೊ. ಕೆಳಗೆ ಬರೆದಿತ್ತು: 'ಇದುವರೆಗೆ ಯಾರೂ ಕಿವಿಗೊಡದ ದನಿಗಳನ್ನು ಹುಡುಕುತ್ತಿದ್ದೇನೆ. ನೀವು ಯಾರೇ ಆಗಿರಿ, ನನಗೆ ಬರೆಯಿರಿ.'

ಬರೆದಳು. ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ, ನನ್ನ ಅಮ್ಮ ಇದೇ ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದಳು. ಎಂಟೇ ದಿನಕ್ಕೆ ಉತ್ತರ ಬಂತು. ಪೂರ್ತಿ ಹಸ್ತಪ್ರತಿ ಕಳಿಸಿ ಎಂದಿತ್ತು. ಕಳಿಸಿ ಒಂದು ತಿಂಗಳಿಗೆ ಫೋನು.

ಒಗೆಯುವ ಯಂತ್ರಗಳ ಗದ್ದಲದಲ್ಲಿ ಏನೂ ಕೇಳಿಸದೆ ಅವಳು ಹಿಂಬಾಗಿಲಿನಿಂದ ಹೊರಗೆ ಬಂದು, ಕೊಳೆಬಟ್ಟೆಯ ಗಾಡಿಗಳ ಸಾಲಿನ ನಡುವೆ ನಿಂತಳು.

"ನೀವು ತುಂಬಾ ಚೆನ್ನಾಗಿ ಬರೀತೀರಿ," ಎಂದಳು ಏಜೆಂಟ್. ದನಿಯಲ್ಲಿ ನಾಟಕವಿರಲಿಲ್ಲ. "ದೋಣಿ, ಅಕ್ಕತಂಗಿ ಎಲ್ಲ ಇಷ್ಟ ಆಯ್ತು. ಆದ್ರೆ ಇದ್ರಲ್ಲಿ ನೀವು ಎಲ್ಲಿದ್ದೀರಿ?"

"ಅಕ್ಕನೂ ನಾನೇ, ತಂಗಿನೂ ನಾನೇ ಮೇಡಂ."

ಏಜೆಂಟ್ ನಕ್ಕಳು. "ಅದಲ್ಲ ನಾನು ಕೇಳಿದ್ದು. ಇಂಥ ತಮಾಷೆ ಕಥೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಲಾಂಡ್ರಿ ಒಳಗಿಂದ ಬರೆಯೋರು ಯಾರಿದ್ದಾರೆ? ನಿಮ್ಮ ತಾಯಿ ಬಗ್ಗೆ ಯಾರು ಬರೆದಿದ್ದಾರೆ? ಅದನ್ನ ಬರೀರಿ. ನಾನು ನಿಮ್ಮ ಜೊತೆ ಇರ್ತೀನಿ."

ನಾನು ನಿಮ್ಮ ಜೊತೆ ಇರುತ್ತೇನೆ. ನಲವತ್ತಾರು ವರ್ಷದಲ್ಲಿ ಅವಳಿಗೆ ಆ ಮಾತನ್ನು ಹೀಗೆ ಹೇಳಿದವರಿರಲಿಲ್ಲ. ಅಂದು ಮಧ್ಯಾಹ್ನ ಅವಳು ಇಸ್ತ್ರಿ ಯಂತ್ರಕ್ಕೆ ಹಾಸುಬಟ್ಟೆಯನ್ನು ಓರೆಯಾಗಿ ಕೊಟ್ಟು ಮೂರು ಸಲ ಸಿಕ್ಕಿಸಿದಳು. ಜೊತೆಯವಳು, "ಏನು ಪಂಡಿತೆ, ಈ ವಯಸ್ಸಲ್ಲಿ ಯಾರಾದ್ರೂ ಸಿಕ್ಕಿದ್ರಾ?" ಎಂದು ರೇಗಿಸಿದಳು.

ಅಕ್ಕತಂಗಿಯರನ್ನು ಕಪಾಟಿನ ಮೇಲಿಟ್ಟು, ಹದಿನಾಲ್ಕು ತಿಂಗಳಲ್ಲಿ ಇನ್ನೊಂದು ಪುಸ್ತಕ ಬರೆದಳು. ಈ ಸಲ ಬರೆಯುವಾಗ ನಗು ಬರಲಿಲ್ಲ. ಲಾಂಡ್ರಿಯ ಉಗಿ, ಕೈಯ ಸುಟ್ಟ ಕಲೆಗಳು, ಅಪ್ಪ ಬಿಟ್ಟುಹೋದದ್ದು ಎಲ್ಲವನ್ನೂ ಕಳಿಸಿದಳು. ಏಜೆಂಟ್ ಪ್ರತಿ ಸಲವೂ ತಪ್ಪದೆ ಉತ್ತರಿಸುತ್ತಿದ್ದಳು. 'ಚೆನ್ನಾಗಿದೆ, ಇನ್ನೂ ಒಳಗೆ ಹೋಗಿ.' ಮತ್ತೆ, 'ಇನ್ನೂ ಏನನ್ನೋ ಮುಚ್ಚಿಡುತ್ತಿದ್ದೀರಿ ಅನ್ನಿಸುತ್ತದೆ.'

ಮುಚ್ಚಿಟ್ಟದ್ದು ಒಂದೇ ಒಂದು. ಕೊನೆಗೆ ಅದನ್ನೂ ಬರೆದಳು. ಆಗ ಅವಳಿಗೆ ಒಂಬತ್ತು ವರ್ಷ. ಶಾಲೆ ಬಿಟ್ಟ ಮೇಲೆ ಅಮ್ಮನನ್ನು ಹುಡುಕಿಕೊಂಡು ಆಸ್ಪತ್ರೆಗೆ ಬಂದಿದ್ದಾಳೆ. ರೋಗಿಯೊಬ್ಬಳ ಉಂಗುರ ಕಾಣೆಯಾಗಿದೆ. ವಾರ್ಡಿನ ಮೇಲ್ವಿಚಾರಕಿ ಮತ್ತು ಇಬ್ಬರು ನರ್ಸುಗಳು ಬಟ್ಟೆ ಕೋಣೆಯಲ್ಲಿ ಅಮ್ಮನನ್ನು ನಿಲ್ಲಿಸಿ, ಮೈಮೇಲೆ ಒಂದು ನೂಲೂ ಇಲ್ಲದಂತೆ ಹುಡುಕುತ್ತಿದ್ದಾರೆ. ಬಾಗಿಲು ಒಂದು ಬೆರಳಷ್ಟು ತೆರೆದಿದೆ. ಮರುದಿನ ಉಂಗುರ ರೋಗಿಯ ಚೀಲದಲ್ಲೇ ಸಿಕ್ಕಿತು. ಕ್ಷಮಿಸು ಎಂದು ಯಾರೂ ಹೇಳಲಿಲ್ಲ. ಅಮ್ಮ ಈ ವಿಷಯ ಬಾಯಿಬಿಡಲಿಲ್ಲ, ಮಗಳೂ ಬಿಡಲಿಲ್ಲ.

'ಇದೇ ಪುಸ್ತಕ,' ಎಂದು ಏಜೆಂಟ್ ಬರೆದಳು. 'ಈ ಅಧ್ಯಾಯ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.'

ಆ ಭಾನುವಾರ ಮಗಳ ಮುಖದಲ್ಲಿ ಕಳೆ ಕಂಡು ಅಮ್ಮ ಕೇಳಿದಳು. "ಅದೇನು ಬರೆದಿದ್ದೀಯೋ, ನನಗೂ ಓದಿ ಹೇಳೇ. ಅಕ್ಷರ ಬರದೇ ಇದ್ರೇನು, ಕಿವಿ ಇದೆಯಲ್ಲ."

ಓದಿದಳು. ಅಮ್ಮ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತು, ಕಥೆಯಲ್ಲಿ ಗುರುತಿನವರು ಬಂದಾಗಲೆಲ್ಲ "ಹೌದು ಹೌದು, ಅವಳು ಹಂಗೇ" ಎಂದು ತಲೆಯಾಡಿಸಿದಳು. ಬಟ್ಟೆ ಕೋಣೆಯ ಅಧ್ಯಾಯ ಬಂದಾಗ ಮಗಳು ಹಾಳೆಗಳನ್ನು ಒಟ್ಟಿಗೆ ಮಗುಚಿದಳು.

"ನಿಲ್ಲು," ಎಂದಳು ಅಮ್ಮ. "ಮೂರನೇ ಕ್ಲಾಸಲ್ಲಿದ್ದೆ, ಈಗ ಐದಕ್ಕೆ ಬಂದೆ. ನಾಲ್ಕನೇ ಕ್ಲಾಸು ಎಲ್ಲಿ?"

"ಅದ್ರಲ್ಲಿ ಏನೂ ಇಲ್ಲಮ್ಮ."

"ಇಲ್ದೇ ಇದ್ರೆ ಹಾಳೆ ಯಾಕಿದೆ? ಓದು."

ಸುಳ್ಳು ಹೇಳಬಹುದಿತ್ತು. ಬೇರೇನಾದರೂ ಕಟ್ಟಿ ಹೇಳಬಹುದಿತ್ತು. ಕಥೆ ಕಟ್ಟುವುದು ತಾನೇ ಅವಳ ಕಸುಬು. ಆದರೆ 'ಬಹಳ ಹೊತ್ತು ಸುಮ್ಮನೆ ಕೂತಿದ್ದೆ' ಎಂಬ ಹೊಗಳಿಕೆ ಅವಳ ತಲೆಗೇರಿತ್ತು. ಅಮ್ಮನಿಗೂ ಹಾಗೇ ಅನ್ನಿಸೀತು, ಇಷ್ಟು ವರ್ಷದ ಮೇಲೆ ಒಬ್ಬರಾದರೂ ನನ್ನ ಪರವಾಗಿ ಹೇಳಿದರಲ್ಲ ಅಂದುಕೊಂಡಾಳು ಎಂಬ ಆಸೆಯೂ ಇತ್ತು. ಪೂರ್ತಿ ಓದಿದಳು.

ಅಮ್ಮ ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ನೀನು ಬಾಗಿಲ ಹತ್ರ ಇದ್ದೆಯಾ?"

"ಹೂಂ."

"ನೀನು ನೋಡಿಲ್ಲ ಅಂದ್ಕೊಂಡಿದ್ದೆ ಕಣೇ," ಎಂದಳು ಅಮ್ಮ. "ಅದೊಂದು ಆಗಲಿಲ್ವಲ್ಲ ಅಂತಲೇ ಮಾರನೇ ದಿನ ಎದ್ದು ಕೆಲಸಕ್ಕೆ ಹೋದೆ."

ಮೂವತ್ತೆಂಟು ವರ್ಷ ಆ ಒಂದು ಸಮಾಧಾನ ಹಿಡಿದುಕೊಂಡು ಬದುಕಿದ್ದಳು. ಅಮ್ಮ ಎದ್ದು ಒಳಗೆ ಹೋದಳು.

ಮೂರು ವಾರ ಕಳೆದ ಮೇಲೆ ಏಜೆಂಟ್ ಕಳಿಸಿದ ಪತ್ರ ಬಂತು. ಸಭ್ಯ ಪತ್ರ. ಪ್ರಕಾಶಕರ ಜೊತೆ ಮಾತಾಡಿದ್ದಳಂತೆ. ಇದೇ ಬಗೆಯ ಪುಸ್ತಕವೊಂದನ್ನು, ಹೋಟೆಲಿನಲ್ಲಿ ಕಸ ಗುಡಿಸುವ ಹೆಂಗಸೊಬ್ಬಳದ್ದನ್ನು, ಅವರು ಆಗಲೇ ಒಪ್ಪಿಕೊಂಡಿದ್ದಾರಂತೆ. ಒಂದೇ ಸಮಯಕ್ಕೆ ಇಂಥ ಎರಡು ದನಿಗಳಿಗೆ ಜಾಗ ಹುಡುಕುವುದು ಕಷ್ಟವಂತೆ. 'ನಿಮ್ಮ ಬರವಣಿಗೆಯ ಮೇಲೆ ನನಗಿರುವ ನಂಬಿಕೆ ಕಡಿಮೆಯಾಗಿಲ್ಲ. ಬರೆಯುತ್ತಿರಿ.'

ಅವಳು ಫೋನು ಮಾಡಿದಳು. ಇನ್ನೊಂದು ವರ್ಷ ಕಾಯುತ್ತೇನೆ ಎನ್ನಬೇಕೆಂದಿದ್ದಳು. ಸಹಾಯಕಿಯೊಬ್ಬಳು ಎತ್ತಿ, ಮೇಡಂ ಊರಲ್ಲಿಲ್ಲ ಎಂದಳು. ಮರುವಾರವೂ ಅದೇ ಉತ್ತರ. ಮೂರನೆಯ ಸಲ ಅವಳೇ ಮಾಡಲಿಲ್ಲ.

ದೋಣಿಯ ಕಾದಂಬರಿಯನ್ನು ಇಳಿಸಿ ತೆರೆದು ನೋಡಿದಳು. ಅಕ್ಕತಂಗಿಯರ ಮಾತುಗಳು ಬೇರೆ ಯಾರೋ ಬರೆದಂತೆ ಕಂಡವು. ಎಲ್ಲಿ ನಗಬೇಕು ಎಂದು ಗೊತ್ತಿತ್ತು, ನಗು ಬರಲಿಲ್ಲ. ಗ್ರಂಥಾಲಯದವರು ಮತ್ತೊಬ್ಬ ಏಜೆಂಟ್‌ನ ಹೆಸರು ಚೀಟಿಯಲ್ಲಿ ಬರೆದುಕೊಟ್ಟಾಗ, "ಆಗಲಿ ಸರ್, ನೋಡೋಣ," ಎಂದು ತೆಗೆದುಕೊಂಡು, ದಾರಿಯಲ್ಲಿ ಚೂರು ಮಾಡಿದಳು.

ಅಮ್ಮ ಎಂದಿನಂತೆ ಮಾತಾಡುತ್ತಿದ್ದಳು. ಗ್ಯಾಸ್ ಮುಗಿಯಿತು, ಎದುರುಮನೆಯವರು ಖಾಲಿ ಮಾಡಿದರು, ಇಂಥವೇ. ಬದಲಾದದ್ದು ಒಂದೇ. ಮಂಡಿ ನೋವು ಶುರುವಾದಾಗಿನಿಂದ ಅಮ್ಮನಿಗೆ ಸ್ನಾನ ಮಾಡಿಸಿ, ಬೆನ್ನು ಉಜ್ಜುತ್ತಿದ್ದವಳು ಇವಳೇ. ಆ ಭಾನುವಾರದಿಂದ ಅಮ್ಮ ಒಳಗಿನಿಂದ ಚಿಲಕ ಹಾಕಿಕೊಳ್ಳತೊಡಗಿದಳು.

ಒಂದು ಬೆಳಗ್ಗೆ ಸ್ನಾನ ಮುಗಿಸಿ, ಗೋಡೆ ಹಿಡಿದುಕೊಂಡು ಹೊರಬಂದ ಅಮ್ಮ ಕೇಳಿದಳು. "ಪುಸ್ತಕ ಯಾವಾಗ ಬರುತ್ತೆ?"

"ಬರಲ್ಲಮ್ಮ. ಬೇಡ ಅಂದ್ರು."

ಅಮ್ಮ ಒದ್ದೆ ಕೂದಲನ್ನು ಟವೆಲಿನಲ್ಲಿ ಹಿಂಡಿಕೊಂಡಳು.

"ಹಂಗಾದ್ರೆ ಆವತ್ತು ಅದನ್ನ ಸುಮ್ಮನೆ ಕೇಳಿಸ್ಕೊಂಡ ಹಾಗಾಯ್ತು ನಾನು," ಎಂದಳು.

ಮಗಳು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡಳು. ಬಸ್ಸಿಗೆ ಹೊತ್ತಾಗಿತ್ತು.