ನಿಂತ ಕಲ್ಲು

"ಒಂದು ಕಲ್ಲು ಕಮ್ಮಿ ಇದೆಯಲ್ಲ ಮೇಸ್ತ್ರಿ?" ಎಂಜಿನಿಯರು ನಕ್ಷೆಯಿಂದ ತಲೆಯೆತ್ತಿ ಕೇಳಿದ.

ಕುಸಿದುಬಿದ್ದ ಕೋಟೆ ಹೆಬ್ಬಾಗಿಲ ಕಮಾನನ್ನು ಮತ್ತೆ ಕಟ್ಟುವ ಮುಂಚೆ ಅದರ ಕಲ್ಲುಗಳನ್ನೆಲ್ಲ ನೆಲದ ಮೇಲೆ ಅದೇ ಆಕಾರದಲ್ಲಿ ಜೋಡಿಸಿಟ್ಟಿದ್ದರು. ಬಲಗಡೆ ಬುಡದಲ್ಲಿ ಒಂದು ಜಾಗ ಖಾಲಿ.

"ಹುಡುಕಿದೆ ಸಾರ್, ಸಿಗಲಿಲ್ಲ. ಹೊಸದು ಕೆತ್ತಿ ಕೂರಿಸ್ತೀನಿ," ಎಂದ ಮೇಸ್ತ್ರಿ. ಆ ಕಲ್ಲು ಅವನ ಮನೆ ಬಾಗಿಲಿಗೆ ಮೆಟ್ಟಿಲಾಗಿತ್ತು.

ಎದುರುಬದುರು ಗುಡ್ಡಗಳ ಮೇಲೆ ಎರಡು ಕೋಟೆ, ಇದು ಅವುಗಳಲ್ಲೊಂದು; ನಡುವೆ ಹದಿನೇಳು ಮನೆಯ ಊರು. ಕಟ್ಟಿಸಿದ ದೊರೆಗಳು ಹೊಡೆದಾಡಿಕೊಂಡು ಮಣ್ಣಾದರು. ಅವರ ಕಲ್ಲಿನಲ್ಲಿ ಊರಿನವರು ಕೋಳಿಗೂಡು ಕಟ್ಟಿಕೊಂಡರು. ಆದರೂ ಒಂದು ಕಟ್ಟುಪಾಡಿತ್ತು: ಬಿದ್ದ ಕಲ್ಲು ಊರಿನದು, ನಿಂತ ಕಲ್ಲು ಕೋಟೆಯದು. ಮೂರು ವರ್ಷದ ಹಿಂದೆ ಮೇಸ್ತ್ರಿಯ ಅತ್ತಿಗೆ, "ಬಾಗಿಲಿಗೊಂದು ಒಳ್ಳೇ ಕಲ್ಲು ತಂದುಹಾಕೋ, ಕೆಸರು ತುಳಿದೂ ತುಳಿದೂ ಸಾಕಾಯ್ತು," ಎಂದಾಗ ಬಿದ್ದವುಗಳಲ್ಲಿ ಒಂದೂ ಚಪ್ಪಟೆಯಾಗಿರಲಿಲ್ಲ. ಈ ಕಮಾನಿನ ಬುಡದಲ್ಲಿ ಸಡಿಲವಾಗಿದ್ದ ಒಂದನ್ನು ಅವನು ಮೀಟಿ ತಂದ. ನಾಲ್ಕನೆಯ ದಿನ ಅಣ್ಣ ಆಡು ಹೊಡೆದುಕೊಂಡು ಕಮಾನಿನಡಿ ಹೋಗುವಾಗ ಅದು ಕುಸಿಯಿತು. ಸಂಜೆ ಆಡುಗಳು ಮಾತ್ರ ಮನೆಗೆ ಬಂದವು.

ಹೆಬ್ಬಾಗಿಲ ಪೀಡೆ ಬಲಿ ತೆಗೆದುಕೊಂಡಿತೆಂದು ಊರು ನಂಬಿತು. ಅತ್ತಿಗೆಯೂ ನಂಬಿದಳು. ದಿನಾ ಮೆಟ್ಟಿಲ ಮೇಲೆ ಕೂತು ಕೋಟೆಯತ್ತ ನೋಡಿ, "ಈಗ ಹೊಟ್ಟೆ ತುಂಬಿತಾ ನಿನಗೆ?" ಎಂದು ಕೇಳುವಳು. ಒಳಗೆ ಉಣ್ಣುತ್ತಿದ್ದ ಮೇಸ್ತ್ರಿಗೆ ತನ್ನನ್ನೇ ಕೇಳಿದಂತಾಗುತ್ತಿತ್ತು. ನಿಜ ಹೇಳಿದರೆ ತನ್ನ ಎದೆಯೇನೋ ಹಗುರಾದೀತು. ಆದರೆ ಕಲ್ಲು ಬೇಕೆಂದವಳು ಅವಳು. ಗಂಡನನ್ನು ಕಳೆದುಕೊಂಡವಳ ತಲೆಗೆ ಇದನ್ನೂ ಕಟ್ಟುವುದೇ? ಬಾಯಿಗೆ ಬೀಗ ಹಾಕಿಕೊಂಡಿದ್ದ.

ಎಂಜಿನಿಯರು ಕಲ್ಲು ಕೇಳಿದ ಆ ದಿನ ಮೇಸ್ತ್ರಿ ಬುತ್ತಿ ಮರೆತು ಬಂದಿದ್ದ. ಮೂರು ವರ್ಷ ಕೋಟೆಯ ಕಡೆ ಸುಳಿಯದ ಅತ್ತಿಗೆ ಅದನ್ನು ಹಿಡಿದು ಗುಡ್ಡ ಹತ್ತಿದಳು.

"ಊಟ ಮರೆಯೋ ಅಷ್ಟು ಏನಪ್ಪಾ ಯೋಚನೆ?" ಎನ್ನುತ್ತ ಬಂದವಳು ಖಾಲಿ ಜಾಗದ ಮುಂದೆ ನಿಂತುಬಿಟ್ಟಳು. ಬಗ್ಗಿ, ಗೇಣು ಹಾಕಿ ಅಳೆದಳು. ದಿನಾ ಬೆಳಿಗ್ಗೆ ಮೆಟ್ಟಿಲು ಉಜ್ಜಿ ತೊಳೆಯುವ ಕೈ ಅದು, ಅಳತೆ ತಪ್ಪುವಂತಿರಲಿಲ್ಲ.

"ಅತ್ತಿಗೆ, ಅದು..."

"ತಂದುಹಾಕು ಅಂದವಳು ನಾನೇ ಅಲ್ವಾ?"

ಬುತ್ತಿ ಕೆಳಗಿಟ್ಟು ಇಳಿದು ಹೋದಳು. ಹಿಂದೆ ಓಡಲು ಅವನಿಗೆ ಧೈರ್ಯ ಬರಲಿಲ್ಲ.

ಸಂಜೆ ಮನೆಗೆ ಬಂದಾಗ ಕಲ್ಲು ತೊಳೆಸಿಕೊಂಡು ಗೋಡೆಗೊರಗಿತ್ತು. ಒಬ್ಬಳೇ ಅದನ್ನು ಹೇಗೆ ಕಿತ್ತಳೋ! ಬಾಗಿಲ ಮುಂದೆ ಹಸಿ ಗುಂಡಿ. ಒಳಗೆ ಅವಳು ನಿಂತಿದ್ದಳು, ಉಗುರುಗಳಲ್ಲಿ ಮಣ್ಣು.

"ಮೂರು ವರ್ಷ ನನ್ನನ್ನ ಅದರ ಮೇಲೆ ಕೂರೋಕೆ ಬಿಟ್ಟೆಯಲ್ಲೋ."

ಅವಳು ಬಾಗಿಲು ಹಾಕಲಿಲ್ಲ. ಅವನು ಒಳಗೆ ಕಾಲಿಡಲಿಲ್ಲ. ಇಬ್ಬರ ನಡುವೆ ಗುಂಡಿಯ ಅಂಚಿನ ಮಣ್ಣು ಸ್ವಲ್ಪಸ್ವಲ್ಪವಾಗಿ ಒಳಕ್ಕೆ ಉದುರುತ್ತಿತ್ತು.