ವಾಲಿದ ಏಳು

ಸೂಜಿ ಎಂದು ಎಲ್ಲರೂ ಕರೆಯುವ ಹುಡುಗಿ ಕಬ್ಬಿಣ ಹೆರೆಯುವ ಮಿಷನ್ನಿನ ಮೇಜಿನ ಮೇಲೆ ಬಿದ್ದಿದ್ದ ಕಬ್ಬಿಣದ ಪುಡಿಯನ್ನು ಬ್ರಷ್‌ನಿಂದ ತಗಡಿನ ಮೊರಕ್ಕೆ ಎಳೆದುಕೊಳ್ಳುತ್ತಿದ್ದಳು. ಮೂಲೆಗೆ ಸೇರಿದ್ದನ್ನು ಬಾಯಿಂದ ಊದಿ ತೆಗೆದಳು. ಎಂಜಿನ್ ಬ್ಲಾಕಿನ ಒಂದೊಂದು ತೂತಿಗೂ ಬಟ್ಟೆ ತುರುಕಿ ಒರೆಸಿದಳು. ಬ್ಲಾಕಿನ ಮೇಲ್ಮುಖ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮುಂದಿನ ತುದಿಯ ಎರಡು ಬೆರಳಗಲದ ಜಾಗಕ್ಕೆ ಬಂದಾಗ ಅವಳ ಕೈ ನಿಂತಿತು. ಬೆರಳಿಂದ ಸವರಿದಳು, ಉಗುರಿಂದ ಗೀರಿದಳು. ಬರೀ ನುಣುಪು. ಬೆಳಿಗ್ಗೆಯವರೆಗೂ ಅಲ್ಲಿ ಏಳಂಕಿಯ ನಂಬರ್ ಇತ್ತು. ಈಗ ಅದು ಮೊರದಲ್ಲಿತ್ತು.

ಹಳೇ ಕಾರಿನವರ ಲೋಕದಲ್ಲಿ ಮೂಗಿಗಿಂತ ಮೂಗುತಿ ಭಾರ. ನಂಬರ್ ಇಲ್ಲದ ಬ್ಲಾಕ್ ಎಷ್ಟೇ ಗಟ್ಟಿಯಾಗಿರಲಿ, ಗುಜರಿಯವನು ತಕ್ಕಡಿ ತರುತ್ತಾನೆ. ಕಾರಿನ ಹಳೇ ಕಾಗದಕ್ಕೆ ಹೊಂದುವ ನಂಬರ್ ಇದ್ದರೆ ಸಾಕು, ಬ್ಲಾಕ್ ಒಡೆದ ಮಡಕೆಯಾಗಿದ್ದರೂ ದೊಡ್ಡ ಮನುಷ್ಯರು ಕೈಕಟ್ಟಿ ನಿಲ್ಲುತ್ತಾರೆ. ಈ ಬ್ಲಾಕ್ ಬಂದಾಗ ಒಡೆದ ಮಡಕೆಯೇ ಆಗಿತ್ತು. ಎರಡನೇ ಸಿಲಿಂಡರಿನ ಪಕ್ಕದಿಂದ ನೀರಿನ ದಾರಿಯವರೆಗೆ ಗೇಣುದ್ದದ ಬಿರುಕು. ಎರಕದ ಕಬ್ಬಿಣಕ್ಕೆ ಬೆಂಕಿ ಹಿಡಿದು ಬೆಸೆಯಲು ಹೋದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಬಾಯಿ ಬಿಡುತ್ತದೆ. ಅದಕ್ಕೇ ಸೂಜಿ ಹತ್ತೊಂಬತ್ತು ದಿನ ಕೂತು ಅದನ್ನು ಹೊಲಿದಿದ್ದಳು. ತೂತು ಕೊರೆದು, ಅದರೊಳಗೆ ಸ್ಕ್ರೂ ಸುತ್ತಿನ ಮರೆ ಕೊರೆದು, ಕಬ್ಬಿಣದ ಕಡ್ಡಿ ತಿರುಗಿಸಿ ಕೂರಿಸಿ, ತಲೆ ಕತ್ತರಿಸಿ, ಅದಕ್ಕೆ ಒತ್ತಿಕೊಂಡೇ ಮುಂದಿನ ತೂತು. ನೂರಾ ಹದಿನಾಲ್ಕು ಕಡ್ಡಿ. ಸೂಜಿ ಅನ್ನುವ ಅಡ್ಡಹೆಸರು ಬಂದದ್ದೂ ಈ ಕೆಲಸದಿಂದಲೇ. ಇಂಥ ಹೊಲಿಗೆ ಗಟ್ಟಿ, ಆದರೆ ಒಂದು ಷರತ್ತಿದೆ. ಎಂಜಿನ್ ಕಾದು ಆರಿ ಐನೂರು ಕಿಲೋಮೀಟರ್ ಓಡಿದ ಮೇಲೆ ಬ್ಲಾಕಿನ ಮೇಲೆ ಕೂರುವ ಹೆಡ್ಡಿನ ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು. ಬಿಗಿಯದಿದ್ದರೆ ನೀರು ಒಳಗೆ ಇಳಿಯುತ್ತದೆ. ವೇಗದಲ್ಲಿದ್ದಾಗ ಎಂಜಿನ್ ಹಿಡಿದುಕೊಂಡರೆ ಚಕ್ರವೂ ಹಿಡಿದುಕೊಳ್ಳುತ್ತದೆ.

ವರ್ಕ್‌ಶಾಪ್ ಅವಳ ಸೋದರಮಾವನದು. ಮಾವನಿಗೆ ನುಣುಪಿನ ಹುಚ್ಚು. ತರಕಾರಿ ಹೆಚ್ಚುವ ಮಣೆಯನ್ನು ಮಟ್ಟ ಮಾಡುತ್ತೇನೆಂದು ಒಯ್ದು ಹಪ್ಪಳದಷ್ಟು ತೆಳ್ಳಗೆ ಮಾಡಿ ಅತ್ತೆಗೆ ವಾಪಸು ಕೊಟ್ಟಿದ್ದ. ಬೆಳಿಗ್ಗೆ ಸೂಜಿ, "ಮಾವ, ನಂಬರ್ ಇರೋ ತುದಿ ಬಿಟ್ಟು ಹೊಡೀರಿ" ಅಂದಿದ್ದಳು. "ನಿಮ್ಮಮ್ಮ ಲಂಗ ಹಾಕ್ಕೊಂಡು ಓಡಾಡ್ತಿದ್ದಾಗಿಂದ ಈ ಮಿಷನ್ ತಿರುಗಿಸ್ತಿದೀನಿ, ಹೋಗು" ಅಂದಿದ್ದ.

ಈಗ ಅವಳು ಮೊರವನ್ನು ಅವನ ಮುಂದೆ ಹಿಡಿದಳು. ಮಾವ ಮೊರ ನೋಡಿದ, ಬ್ಲಾಕ್ ನೋಡಿದ, ಸ್ಟೂಲಿನ ಮೇಲೆ ಕೂತುಬಿಟ್ಟ.

ಬಿಲ್ ಬರೆಯುತ್ತಿದ್ದ ಅತ್ತೆ ಕನ್ನಡಕದ ಮೇಲಿಂದ ಇಣುಕಿದಳು. "ಏಳು ಅಂಕಿ ನುಂಗಿ ನೀರು ಕುಡಿದ್ರಲ್ಲ, ತೇಗಾದ್ರೂ ಬಂತಾ?"

"ಬಾಯಿ ಮುಚ್ಕೊಂಡಿರು. ಸೂಜಿ, ನಂಬರ್ ಪಂಚ್ ಪೆಟ್ಟಿಗೆ ತಗೊಂಡು ಬಾ. ಕಾಗದದಲ್ಲಿ ನಂಬರ್ ಇದೆ. ನೋಡ್ಕೊಂಡು ಹೊಡೆದುಬಿಡು. ನಿನ್ನ ಕೈ ಅಲುಗಲ್ಲ."

"ನಾನು ಹೊಡೆಯಲ್ಲ ಮಾವ."

ಅತ್ತೆಯ ಪೆನ್ನು ನಿಂತಿತು. ಈ ಹುಡುಗಿ ಬೇಡ ಅಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಊಟಕ್ಕೆ ಬಡಿಸುವಾಗಲೂ ಅವಳು ಕೈ ಅಡ್ಡ ಹಿಡಿಯುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ಮಧ್ಯಾಹ್ನ ಕಾರಿನ ಯಜಮಾನರು ಬಂದರು. ಸೆಂಟು ಮೊದಲು ಬಂತು, ಆಮೇಲೆ ಹೊಟ್ಟೆ, ಕೊನೆಗೆ ಅವರು. ಕಾರನ್ನು ಮಾರಲಿಕ್ಕೆ ಗಿರಾಕಿ ಗೊತ್ತಾಗಿತ್ತು. ಮಾವ ಕೆಮ್ಮುತ್ತಾ ಬಿಸಿಲಿನ ವಿಷಯ ತೆಗೆದ. ಸೂಜಿ ನೆಲ ನೋಡಿಕೊಂಡೇ ಹೇಳಿದಳು, "ಸರ್, ನಂಬರ್ ಹೋಗಿದೆ. ಮೇಲ್ಮುಖ ಹೆರೆಯುವಾಗ ಅಳಿಸಿಹೋಯ್ತು."

ಯಜಮಾನರು ಕಿರುಚುತ್ತಾರೆಂದು ಮಾವ ಕಣ್ಣು ಮುಚ್ಚಿಕೊಂಡ. ಅವರು ಕಿರುಚಲಿಲ್ಲ. ತುಂಬ ನೊಂದುಕೊಂಡರು.

"ಯಾಕಮ್ಮಾ ಹೇಳಿದೆ? ಸುಮ್ಮನೆ ಹೊಡೆದಿಟ್ಟಿದ್ದಿದ್ರೆ ನಾನು ಸತ್ಯವಂತನಾಗೇ ಮಾರ್ತಿದ್ದೆ. ನನ್ನ ಜನ್ಮದಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದೋನಲ್ಲ. ಈಗ ನೋಡು, ಹೇಳೋ ಹಾಗೆ ಮಾಡಿದೆ."

"ಹುಡುಗಿಗೆ ಲೋಕಜ್ಞಾನ ಇಲ್ಲ ಸರ್," ಅಂದ ಮಾವ, ಜೀವ ಬಂದವನಂತೆ. "ಸ್ಕೂಲು ಅರ್ಧಕ್ಕೆ ಬಿಟ್ಟವಳು."

"ಅದಕ್ಕೇ. ಪೂರ್ತಿ ಓದಿದ್ರೆ ಎಲ್ಲಿ ಸುಮ್ಮನಿರಬೇಕು ಅಂತ ಹೇಳಿಕೊಡ್ತಿದ್ರು. ಇನ್ನೊಂದು ಮಾತು, ಆ ಬಿರುಕು ಗಿರುಕು ಬಿಲ್ಲಲ್ಲಿ ಬರೋದು ಬೇಡ. ರಿಪೇರಿ ಅಂತ ಬಂದ್ರೆ ಬೆಲೆ ಅರ್ಧಕ್ಕೆ ಬೀಳುತ್ತೆ. ಸರ್ವಿಸ್ ಅಂತ ಬರೀರಿ."

ಅತ್ತೆ ಸರ್ವಿಸ್ ಅಂತ ಬರೆದಳು. ಹತ್ತೊಂಬತ್ತು ದಿನ ಒಂದು ಪದದೊಳಗೆ ಸಲೀಸಾಗಿ ಹಿಡಿಸಿತು.

ನಂಬರನ್ನು ಮಾವನೇ ಹೊಡೆದ. ಐದು ಅಂಕಿ ಹೇಗೋ ನೆಟ್ಟಗೆ ಬಿದ್ದವು. ಆರನೆಯದು ಏಳು. ಸುತ್ತಿಗೆ ಎತ್ತುವ ಹೊತ್ತಿಗೆ ಕೈ ನಡುಗಿ ಆ ಏಳು, ಗೋಡೆ ಹಿಡಿದು ಮನೆಗೆ ಹೋಗುವ ಕುಡುಕನ ಹಾಗೆ ಪಕ್ಕಕ್ಕೆ ವಾಲಿತು. ಮಾವ ಹಣೆ ಚಚ್ಚಿಕೊಂಡ. ಕೊನೆಯ ಅಂಕಿ ಹೊಡೆದು, ಹಳೇದಾಗಿ ಕಾಣಲೆಂದು ಉಪ್ಪು ನೀರು ಸವರಿ ತುಕ್ಕು ಹಿಡಿಸಿದ. ನುಣುಪಿಗಾಗಿ ಜೀವ ಬಿಡುವವನು ತುಕ್ಕು ಬರಲಿ ಎಂದು ಎರಡು ದಿನ ಕಾವಲು ಕೂತ.

ಮೂರನೇ ದಿನ ಗಿರಾಕಿ ಗೊತ್ತುಮಾಡಿದ ಪರೀಕ್ಷಕರು ಬಂದರು. ಕುತ್ತಿಗೆಯಲ್ಲಿ ಭೂತಗನ್ನಡಿ, ಕೈಯಲ್ಲಿ ಅಚ್ಚು ಹಾಕಿಸಿದ ಫಾರಂ. ನಂಬರಿನ ಮೇಲೆ ಬಗ್ಗಿ, ಮಗುವಿನ ನಾಡಿ ನೋಡುವ ಡಾಕ್ಟರ ಹಾಗೆ ಉಸಿರು ಹಿಡಿದರು. ಮಾವ ಕಂಬಕ್ಕೆ ಒರಗಿದ.

"ಈ ಏಳು ನೋಡಿದ್ರಾ?" ಅಂದರು ಪರೀಕ್ಷಕರು.

ಮಾವ ಕಂಬವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

"ವಾಲಿದೆ. ಆ ಕಾಲದಲ್ಲಿ ಕಾರ್ಖಾನೆಯೋರು ಕೈಯಲ್ಲೇ ಹೊಡೀತಿದ್ರು, ಊಟದ ಗಂಟೆ ಹೊಡೆದ್ರೆ ಹೀಗೇ ಆಗೋದು. ನಕಲಿ ಮಾಡೋನು ಭಯಕ್ಕೆ ನೆಟ್ಟಗೆ ಹೊಡೀತಾನೆ. ಇದು ಅಪ್ಪಟ ಮೂಲ ರೀ. ಮೂವತ್ತು ವರ್ಷದ ಕಣ್ಣು ನಂದು."

"ನನಗೂ ಹಾಗೇ ಅನ್ನಿಸ್ತಿತ್ತು," ಅಂದ ಮಾವ. ಅತ್ತೆ ಸೆರಗಿನಲ್ಲಿ ಬಾಯಿ ಒತ್ತಿಕೊಂಡು ಒಳಗೆ ಹೋದಳು.

ಪರೀಕ್ಷಕರು ಹೊಲಿಗೆಯ ಮೇಲೂ ಬೆರಳಾಡಿಸಿದರು. ಬೆರಳು ಎಲ್ಲೂ ತಡೆಯಲಿಲ್ಲ, ಸೂಜಿ ಅಷ್ಟು ಚೆನ್ನಾಗಿ ಹೊಲಿದಿದ್ದಳು. "ರಿಪೇರಿ ಏನಾದ್ರೂ ಆಗಿದೆಯಾ?"

"ಎಂಥ ರಿಪೇರಿ ಸ್ವಾಮಿ," ಅಂದರು ಯಜಮಾನರು. "ಹುಟ್ಟಿದಾಗಿನ ಮೈ." ಅವರ ಮುಖದಲ್ಲಿ ಈಗ ನೋವಿನ ಸುಳಿವೂ ಇರಲಿಲ್ಲ. ಒಂದು ಸುಳ್ಳಿಗೆ ಹೊಂದಿಕೊಂಡವರಿಗೆ ಎರಡನೆಯದು ಹಳೇ ಚಪ್ಪಲಿಯ ಹಾಗೆ.

ಪರೀಕ್ಷಕರು ಫಾರಂನಲ್ಲಿ 'ಇಲ್ಲ' ಅಂತ ಬರೆದರು.

ಸೂಜಿ ಮಿಷನ್ನಿನ ಹಿಂದಿನಿಂದ ಬಂದಳು. "ಇದೆ ಸರ್. ಎರಡನೇ ಸಿಲಿಂಡರಿನ ಪಕ್ಕ ನಾನೇ ಹೊಲಿದಿದ್ದೀನಿ. ಐನೂರು ಕಿಲೋಮೀಟರ್ ಆದ್ಮೇಲೆ ಬೋಲ್ಟ್ ಮತ್ತೆ ಬಿಗೀಬೇಕು. ಓಡಿಸೋರಿಗೆ ಗೊತ್ತಿರಬೇಕು."

ಪರೀಕ್ಷಕರು ಅವಳನ್ನು ನೋಡಿದರು, ಬರೆದ 'ಇಲ್ಲ'ವನ್ನು ನೋಡಿದರು. ಅಳಿಸಿದರೆ ಮೂವತ್ತು ವರ್ಷದ ಕಣ್ಣನ್ನೂ ಅಳಿಸಬೇಕಾಗುತ್ತಿತ್ತು. ಪೆನ್ನಿಗೆ ಟೋಪಿ ಹಾಕಿದರು. ಯಜಮಾನರು ಫೋನು ತೆಗೆದು ಕಿವಿಗಿಟ್ಟುಕೊಂಡರು, ಅದು ರಿಂಗಾಗಿರಲಿಲ್ಲ. ಮಾವ ಒಂದು ನಟ್ಟು ಹುಡುಕುವವನಂತೆ ಬೆಂಚಿನ ಕೆಳಗೆ ಬಗ್ಗಿದ.

"ಫಾರಂ ಹಿಂದುಗಡೆ ಜಾಗ ಇದೆ ಸರ್," ಅಂದಳು ಸೂಜಿ. "ಬೋಲ್ಟ್ ಬಿಗಿಯೋದು ಒಂದು ಸಾಲು ಬರೀರಿ."