ಎದುರಾಳಿಗೊಂದು ಓಟು

ಟಪ್ ಅಂತ ಒಂದು ರಬ್ಬರ್ ಬ್ಯಾಂಡು ಹರಿದು ಹಾರಿತು, ಎಣಿಸುವ ಹುಡುಗಿ ಮೇಜಿನ ಕೆಳಗೆ ಬಗ್ಗಿ ನೋಡಿದಳು, ಸಿಗಲಿಲ್ಲ, ಇನ್ನೊಂದು ತೆಗೆದು ಹಾಕಿದಳು, ಅಷ್ಟೇ, ಮತ್ತೊಂದು ಕಟ್ಟು ಆಯಿತು — ಅದು ಇವರದ್ದೋ ಅವಳದ್ದೋ, ಇಲ್ಲಿಂದ ಗೊತ್ತಾಗಲ್ಲ, ಎರಡು ಟ್ರೇ ಮೇಲೂ ಒಂದೇ ಮನೆತನದ ಹೆಸರು, ಅಪ್ಪನದೊಂದು ಮಗಳದೊಂದು, ಪ್ರತಿ ಚೀಟಿಗೂ ಅಪ್ಪನಾ ಮಗಳಾ, ಅಪ್ಪನಾ ಮಗಳಾ ಅಂತ ಕೂಗಿಕೊಂಡೇ ಇಡ್ತಿದ್ದಾರೆ, ಕೇಳಿ ಕೇಳಿ ನನ್ನ ತಲೆ ಸಿಡೀತಿದೆ. ಮಕ್ಕಳು ಚೆಂಡಾಡೋ ದೊಡ್ಡ ಹಾಲ್ ಇದು, ಗೋಡೆಗೆ ಒತ್ತಿದ ಬೆಂಚಿನ ತುದಿಯಲ್ಲಿ ನಾನು, ಕೊರಳಲ್ಲಿ ಅಭ್ಯರ್ಥಿಯ ಹೆಂಡತಿ ಅನ್ನೋ ಪಾಸು, ಅಭ್ಯರ್ಥಿಯ ತಾಯಿ ಅಂತ ಇನ್ನೊಂದು ಕೊಡಪ್ಪ ಅಂದೆ ಬಾಗಿಲಲ್ಲಿ, ಆ ಪೊಲೀಸು ನಕ್ಕ, ನಾನೂ ನಕ್ಕೆ, ನಗದೆ ಇನ್ನೇನು ಮಾಡಲಿ. ಊರಿನ ಉಳಿದ ವಾರ್ಡುಗಳೆಲ್ಲ ಮುಗಿದಿವೆ, ನಗರಸಭೆಯಲ್ಲಿ ಎರಡು ಪಕ್ಷವೂ ಸರಿಸಮ ನಿಂತಿವೆ, ನಮ್ಮ ವಾರ್ಡು ಯಾರ ಕಡೆಗೋ ಊರು ಅವರ ಕಡೆಗೆ, ಅದಕ್ಕೇ ಇಷ್ಟು ಜನ, ಇಷ್ಟು ಕ್ಯಾಮೆರಾ, ಇಷ್ಟು ಬೆವರು. ಊರು ಯಾರದಾದರೂ ಆಗಲಿ, ಹಾಳಾಗಿ ಹೋಗಲಿ, ನನಗೆ ಬೇಕಾಗಿರೋದು ಒಂದೇ, ಅವಳು ಇವರನ್ನ ಒಂದು ಸಲ ಅಪ್ಪಾ ಅಂತ ಕರೀಲಿ, ಗೆದ್ದು ಕರೀಲಿ, ಸೋತು ಕರೀಲಿ, ಬೈಯೋಕಾದರೂ ಕರೀಲಿ.

ಇವರು ಅಲ್ಲಿ ಕಂಬಕ್ಕೆ ಒರಗಿ ನಿಂತಿದ್ದಾರೆ, ಎಣಿಕೆ ಕಡೆ ನೋಡ್ತಾನೇ ಇಲ್ಲ, ಯಾರದೋ ಏಜೆಂಟನ ಕನ್ನಡಕದ ಕಡ್ಡಿ ಸಡಿಲ ಆಗಿದೆ ಅಂತ ಜೇಬಿಂದ ಆ ಪುಟಾಣಿ ಸ್ಕ್ರೂಡ್ರೈವರ್ ತೆಗೆದು ತಿರುಗಿಸ್ತಿದ್ದಾರೆ, ಅದೂ ಎದುರು ಪಕ್ಷದವನದು! ಇದೇ ಇವರ ರೋಗ. ಊರಿಗೆಲ್ಲ ಕನ್ನಡಕದವರು, ಅಂಗಡಿಗೆ ಬಂದವರ ಕಣ್ಣು ಪರೀಕ್ಷೆ ಮಾಡ್ತಾ ಮಾಡ್ತಾ ಚರಂಡಿ ದೂರು ಕೇಳಿಕೊಂಡವರು, ಹಾಗೇ ಕೌನ್ಸಿಲರ್ ಆದವರು. ಮೊದಲ ಸಲ ನಿಂತಾಗಲೇ ಶುರುವಾಯ್ತು ಆ ಹುಚ್ಚು, ಎದುರು ನಿಂತವನು ಪಕ್ಕದ ಬೀದಿಯ ಟೈಲರ್, ಇವರ ಜೀವದ ಗೆಳೆಯ, ಹಗಲೆಲ್ಲ ಒಬ್ಬರನ್ನೊಬ್ಬರು ಮೈಕಿನಲ್ಲಿ ಉಗಿದು ಸಂಜೆ ನಮ್ಮ ಅಡುಗೆಮನೆಯಲ್ಲೇ ಟೀ ಕುಡೀತಿದ್ದರು, ತನಗೆ ತಾನೇ ಓಟು ಹಾಕ್ಕೊಳೋದು ಅಂದ್ರೆ ತನ್ನ ಬೆನ್ನು ತಾನೇ ತಟ್ಕೊಂಡ ಹಾಗೆ, ನಾಚಿಕೆಗೇಡು ಕಣಯ್ಯಾ ಅಂದರು ಇವರು ಒಂದಿನ, ನನ್ನ ಓಟು ನಿನಗೆ ನಿನ್ನ ಓಟು ನನಗೆ, ಆಯ್ತಾ, ಆಯ್ತು. ಅವತ್ತಿಂದ ಪ್ರತಿ ಚುನಾವಣೆಗೂ ಹಾಗೇ. ಇವರ ಪಕ್ಷಕ್ಕೆ ಗೊತ್ತಿಲ್ಲ, ಅವನ ಪಕ್ಷಕ್ಕೆ ಗೊತ್ತಿಲ್ಲ, ಗೊತ್ತಿದ್ದದ್ದು ಇಬ್ಬರು ಹೆಂಡತಿಯರಿಗೆ, ನಾವು ಹಣೆ ಚಚ್ಚಿಕೊಂಡು ಸುಮ್ಮನಾದೆವು, ನಾನಂತೂ ಪ್ರತಿ ಸಲ ಇವರಿಗೇ ಗುರುತು ಹಾಕ್ತಿದ್ದೆ, ಮನೆಯಿಂದ ಒಂದಾದರೂ ಬೀಳಲಿ ಅಂತ. ಟೈಲರ್ ಪ್ರತಿ ಸಲ ಸೋತು, ಪ್ರತಿ ಸಲ, ನಿನ್ನ ಓಟೊಂದು ದಂಡ ಮಾಡಿದೆಯಲ್ಲೋ ಅಂತ ನಕ್ಕ, ಈಗಿಲ್ಲ, ಹೋದ ಚಳಿಯಲ್ಲಿ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಅವನ ಜಾಗಕ್ಕೆ ಅವನ ಪಕ್ಷದವರು ಹುಡುಕಿ ಹುಡುಕಿ ನಿಲ್ಲಿಸಿದ್ದು ಯಾರನ್ನ — ನನ್ನ ಹೊಟ್ಟೆಯಲ್ಲಿ ಹುಟ್ಟಿದವಳನ್ನ.

ಅವಳೇನು ರಾಜಕೀಯ ಬಯಸಿದವಳಲ್ಲ, ಟೀಚರ್ ಆಗಿದ್ದಳು, ನಗರಸಭೆ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ, ಸೀಮೆಸುಣ್ಣದ ಪುಡಿ ಕೂದಲಲ್ಲೇ ಮನೆಗೆ ಬರ್ತಿದ್ದಳು. ಶಾಲೆ ಮುಚ್ಚಿ ಜಾಗ ಪಾರ್ಕಿಂಗಿಗೆ ಕೊಡೋಣ ಅಂತ ಇವರ ಪಕ್ಷ ಹೊರಟಾಗ, ಗುಬ್ಬಿ, ನಾನು ಬದುಕಿರೋವರೆಗೂ ಆ ಬಾಗಿಲು ಮುಚ್ಚಲ್ಲ ಅಂದರು ಇವರು ಮಗಳಿಗೆ, ಊಟದ ಮೇಜಲ್ಲಿ, ನನ್ನೆದುರಿಗೇ. ಆಮೇಲೆ ಪಕ್ಷದಿಂದ ಆಜ್ಞೆ ಬಂತು, ಎಲ್ಲರೂ ಕೈ ಎತ್ತಬೇಕು, ಎತ್ತದವನು ಹೊರಗೆ. ಸಭೆಯ ದಿನ ಇವಳು ಮಕ್ಕಳನ್ನೆಲ್ಲ ಕರ್ಕೊಂಡು ಹೋಗಿ ಗ್ಯಾಲರಿಯಲ್ಲಿ ಕೂತಿದ್ದಳಂತೆ, ನೋಡಿ, ಆ ಬಿಳಿ ಅಂಗಿ ನಮ್ಮಪ್ಪ, ನಮ್ಮ ಪರ ಇದ್ದಾರೆ ಅಂತ ತೋರಿಸಿದ್ದಳಂತೆ. ಮುಚ್ಚೋಕೆ ಎತ್ತಿದ ಕೈಗಳಲ್ಲಿ ಆ ಬಿಳಿ ಅಂಗಿಯ ಕೈಯೂ ಇತ್ತಂತೆ. ಅಯ್ಯೋ ದೇವರೇ, ಬಾಯಿಬಿಟ್ಟು ಯಾಕಾದರೂ ತೋರಿಸಿದಳೋ. ಅವತ್ತು ಸಂಜೆ ಬಟ್ಟೆ ತುಂಬಿಕೊಂಡು ಹೋದವಳು, ಬಾಡಿಗೆ ಕೋಣೆ, ಟ್ಯೂಷನ್ನು, ಇವರು ಅಂಗಡಿಗೆ ಹೋದ ಮೇಲೆ ಹಿಂದಿನ ಬಾಗಿಲಿಂದ ಬಂದು ನನ್ನ ನೋಡಿ ಹೋಗೋದು, ನಿಮ್ಮ ಕೌನ್ಸಿಲರ್ ಸಾಹೇಬ್ರು ಹೇಗಿದ್ದಾರೆ ಅನ್ನೋದು, ಚೆನ್ನಾಗಿದ್ದಾರೆ ಕಣೇ ಅನ್ನೋದು ನಾನು, ಸುಳ್ಳು, ಎಲ್ಲಿ ಚೆನ್ನಾಗಿದ್ದಾರೆ, ಆ ಶಾಲೆ ಗೇಟು ಕಾಣಬಾರದು ಅಂತ ಅಂಗಡಿಗೆ ಮೂರು ಬೀದಿ ಸುತ್ತಿ ಹೋಗ್ತಾರೆ, ರಾತ್ರಿ ತಟ್ಟೆ ಮುಂದೆ ಕೂತು, ಇವತ್ತು ಬಂದಿದ್ದಳಾ, ಸಣ್ಣ ಆಗಿದ್ದಾಳಾ, ಕೆಮ್ಮು ಹೋಯ್ತಾ. ನೀವೇ ಹೋಗಿ ಕೇಳಿ ಅಂದರೆ, ಯಾವ ಮುಖ ಇಟ್ಕೊಂಡು ಹೋಗಲೇ. ಅಪ್ಪನ ಹಠ ಮಗಳಿಗೆ, ಮಗಳ ಸಂಕಟ ಅಪ್ಪನಿಗೆ, ನಡುವೆ ನಾನೊಬ್ಬಳು ಅಡಕತ್ತರಿಯಲ್ಲಿ.

ಮೊನ್ನೆ ಓಟಿನ ದಿನ ಇಬ್ಬರೂ ನಡ್ಕೊಂಡೇ ಹೋದೆವು, ದಾರಿಯಲ್ಲಿ ಅಂದೆ, ರೀ, ಟೈಲರ್ ಹೋದ, ಅವನ ಜೊತೆ ಆ ಒಪ್ಪಂದನೂ ಹೋಯ್ತು, ಈ ಸಲ ನಿಮಗೇ ಹಾಕ್ಕೊಳ್ಳಿ, ಯಾರೂ ಏನೂ ಅನ್ನಲ್ಲ. ಎದುರಾಳಿ ಇದ್ದಾರಲ್ಲೇ ಅಂದರು. ಆ ಎದುರಾಳಿ ನಿಮಗೆ ಹಾಕಲ್ಲ ಅಂದೆ. ಹಾಕಬಾರದು, ಹಾಕಿದ್ರೆ ನನ್ನ ಮಗಳೇ ಅಲ್ಲ ಅಂದರು. ನಾನು ಮರೆಯ ಹಿಂದೆ ಹೋಗಿ ಮುದ್ರೆ ಹಿಡಿದು ನಿಂತೆ, ಒಂದರ ಕೆಳಗೊಂದು ಎರಡು ಹೆಸರು, ಒಂದು ನಾನು ಇಟ್ಟ ಹೆಸರು, ಒಂದು ನಾನು ಇವತ್ತಿಗೂ ಬಾಯಲ್ಲಿ ಹೇಳದ ಹೆಸರು, ಇಟ್ಟ ಹೆಸರಿನ ಹತ್ತಿರ ಮುದ್ರೆ ಒಯ್ದೂ ಒಯ್ದೆ, ಒತ್ತಲಿಲ್ಲ — ಆಮೇಲೆ, ಪಾಪ, ಇವರಿಗೆ ಇವರ ಓಟೂ ಇಲ್ಲ, ನಂದೂ ಇಲ್ಲ ಅಂದರೆ ಹೇಗೆ, ಹೇಗಿದ್ದರೂ ಪ್ರತಿ ಸಲ ಗೆಲ್ಲೋರೇ, ಅವಳಿಗೆ ಒಂದು ಓಟು ಕಮ್ಮಿ ಆದರೆ ಏನಾಯ್ತು, ಅಭ್ಯಾಸ ಬಲ, ಇವರಿಗೇ ಹಾಕಿ ಬಂದೆ. ಹಿಂದಕ್ಕೆ ಬರ್ತಾ ಇವರು ಕನ್ನಡಕ ತೆಗೆದು ಒರೆಸಿದರು, ಗಾಜಲ್ಲಿ ಏನೂ ಇರಲಿಲ್ಲ, ನಾನು ಕಾಣೆನಾ. ಅವಳಿಗೇ ಹಾಕಿದ್ರಿ ತಾನೆ ಅಂದೆ. ಪದ್ಧತಿ ಕಣೇ ಅಂದರು. ಸ್ವಲ್ಪ ದೂರ ನಡೆದು ನಿಂತು, ಲೇ, ಅವಳಿಗೆ ಯಾವತ್ತೂ ಹೇಳಬೇಡ, ಶಾಲೆ ಮುಚ್ಚಿದ್ದಕ್ಕೆ ಪರಿಹಾರ ಕೊಟ್ಟ ಅಂದ್ಕೋತಾಳೆ, ಗೆದ್ದರೆ ತಾನೇ ಗೆದ್ದೆ ಅಂತ ಗೆಲ್ಲಲಿ, ನನ್ನ ಮೇಲಾಣೆ ಅಂದರು. ಆಣೆ ಗೀಣೆ ಯಾಕೆ, ಬಾಯಿ ಮುಚ್ಕೊಂಡಿರು ಅಂದರೆ ಸಾಲದಾ ಅಂತ ರೇಗಿದೆ. ಆದರೂ ಇಟ್ಟೆ, ಆಣೆ.

ಎದ್ದು ನಿಂತರು ಎಲ್ಲರೂ, ಏನಾಯ್ತು, ಚುನಾವಣಾಧಿಕಾರಿ ಕನ್ನಡಕ ಏರಿಸಿ ಕಾಗದ ಎತ್ತಿ ಹಿಡಿದಿದ್ದಾರೆ, ಏನೋ ಓದ್ತಿದ್ದಾರೆ, ಗದ್ದಲದಲ್ಲಿ ಏನೂ ಕೇಳಲ್ಲ, ಪಕ್ಕದವಳು ನನ್ನ ಮೊಣಕೈ ಹಿಡಿದು, ಒಂದು ಓಟು ರೀ, ಒಂದೇ ಒಂದು ಓಟು, ಮಗಳು ಗೆದ್ದಳು ಅಂತಿದ್ದಾಳೆ. ಒಂದೇ ಓಟು. ಇವರದ್ದು ಇವರಿಗೇ ಬಿದ್ದಿದ್ದರೆ ಅವಳದೊಂದು ಇಳಿದು ಇವರದೊಂದು ಏರಿ ಇವರೇ ಗೆಲ್ಲುತ್ತಿದ್ದರು, ಒಂದರಲ್ಲೇ, ಊರೂ ಇವರ ಪಕ್ಷಕ್ಕೇ ಉಳೀತಿತ್ತು. ಗಡಿಯಾರ ಓಡಿ ಬಂದ, ಇವರ ಪಕ್ಷದ ಕಾರ್ಯದರ್ಶಿ, ಮಾತಿಗೊಂದು ಸಲ ವಾಚು ನೋಡ್ತಾನೆ ಅಂತ ಎಲ್ಲರೂ ಗಡಿಯಾರ ಅನ್ನೋದು, ಈಗ ವಾಚು ನೋಡೋದೂ ಮರೆತಿದ್ದಾನೆ, ಮರು ಎಣಿಕೆ ಕೇಳಿ, ಸಹಿ ಹಾಕಿ, ಇಲ್ಲಿ, ಬೇಗ. ಇವರು, ಬೇಡ. ಬೇಡವಾ, ಹುಚ್ಚೇನ್ರೀ ನಿಮಗೆ, ಒಂದು ಓಟಿಗೆ ಊರನ್ನೇ ಬಿಟ್ಟುಕೊಡ್ತೀರಾ, ನಮ್ಮಪ್ಪನ ಕಾಲದಿಂದ ನಮ್ಮ ಕೈಯಲ್ಲಿದ್ದ ಊರು! ಎಣಿಕೆ ಸರಿಯಾಗೇ ಇದೆ ಅಂದರು ಇವರು, ಅಷ್ಟು ಮೆಲ್ಲಗೆ. ನಿಮಗೆ ಹೇಗ್ರೀ ಗೊತ್ತು. ಗೊತ್ತು. ಮಗಳ ಜೊತೆ ಒಳಒಪ್ಪಂದ ಮಾಡ್ಕೊಂಡಿದ್ದೀಯಾ ಮನೆಹಾಳಾ — ಎಲ್ಲರೆದುರು, ಏಕವಚನದಲ್ಲಿ, ಇವರ ಅಂಗಿ ಹಿಡಿದು, ನಾನು ಎದ್ದೆ, ಕೈ ಮುರೀತೀನಿ ಅವನದು ಅಂತ ಎದ್ದೆ, ಇವರು ಅವನ ಬೆರಳನ್ನ ಒಂದೊಂದಾಗಿ ಬಿಡಿಸಿ ಅಂಗಿ ಸರಿಮಾಡಿಕೊಂಡರು. ಒಳಒಪ್ಪಂದವಂತೆ. ಮಾತೇ ಇಲ್ಲದ ಮನೆಯಲ್ಲಿ ಎಲ್ಲಿಂದ ಬರಬೇಕು ಒಪ್ಪಂದ.

ಅವಳು ಬರ್ತಿದ್ದಾಳೆ, ಯಾರ್‍ಯಾರೋ ಭುಜ ತಟ್ಟುತ್ತಿದ್ದಾರೆ, ಕ್ಯಾಮೆರಾ, ಶಾಲೆ ಬಾಗಿಲು ಮೊದಲ ಸಭೆಯಲ್ಲೇ ತೆಗೀತೀವಿ ಅಂತಿದ್ದಾಳೆ, ಗಂಟಲು ಕಟ್ಟಿದೆ ಇವಳಿಗೆ, ಕೆಮ್ಮು ಹೋಗಿಲ್ಲ ಇನ್ನೂ, ಎಷ್ಟು ಸಣ್ಣ ಆಗಿದ್ದಾಳೆ, ಗೆದ್ದ ನನ್ನ ಮಗಳು, ಸಂತೋಷ ಆಗ್ತಿದೆ ಕಣೇ ನನಗೆ, ಆಗ್ತಿದೆ, ಅಳು ಯಾಕೆ ಬರ್ತಿದೆ. ಇವರ ಮುಂದೆ ಬಂದು ನಿಂತಳು. ಇವರು ಎರಡೂ ಕೈ ಮುಂದೆ ಚಾಚಿದರು, ಮಗು ನಡೆಯೋಕೆ ಕಲಿಯುವಾಗ ಚಾಚೋ ಹಾಗೆ. ಅಪ್ಪಾ ಅನ್ನೇ, ಅನ್ನೇ, ನಿನ್ನ ದಮ್ಮಯ್ಯ, ಒಂದೇ ಮಾತು. ಅವಳು ಒಂದು ಕೈ ಹಿಡಿದು ಕುಲುಕಿದಳು, ಥ್ಯಾಂಕ್ಯೂ ಸರ್, ಒಳ್ಳೆ ಸ್ಪರ್ಧೆ ಕೊಟ್ರಿ. ಸರ್. ಇವರು, ಒಳ್ಳೇದಾಗಲಿ ಅಂದರು, ಚಾಚಿದ ಇನ್ನೊಂದು ಕೈ ಮೆಲ್ಲಗೆ ಇಳಿಸಿದರು.

ಅವಳು ನನ್ನ ಕಡೆ ತಿರುಗಿದಳು, ಓಡಿ ಬಂದು ಅಪ್ಪಿಕೊಂಡಳು, ಬೆವರಿನ ಕೊರಳು, ಅದೇ ವಾಸನೆ, ಚಿಕ್ಕವಳಿದ್ದಾಗಿನದೇ, ಕಿವಿಯಲ್ಲಿ ಬಾಯಿಟ್ಟು, ಅಮ್ಮಾ, ಆ ಒಂದು ಓಟು ನಿಂದಲ್ವಾ, ನನಗೆ ಗೊತ್ತು, ಆ ಮನೆಯಿಂದ ನನಗೆ ಬಿದ್ದದ್ದು ನಿಂದೊಂದೇ, ಅವರು ಯಾವತ್ತೂ ತಮ್ಮನ್ನ ಬಿಟ್ಟು ಇನ್ನೊಬ್ಬರಿಗೆ ಹಾಕೋರಲ್ಲ, ನೀನೇ ಗೆಲ್ಲಿಸಿದೆ ಅಮ್ಮಾ ನನ್ನ — ಇಲ್ಲ ಕಣೇ, ನಂದಲ್ಲ, ನಾನು ಹಾಕಲಿಲ್ಲ ನಿನಗೆ, ಪಾಪಿ ನಾನು, ಅದು ಅವರದ್ದು, ಹೋಗು, ಹೋಗಿ ಕಾಲು ಹಿಡ್ಕೋ, ಅವರು ಇದ್ದದ್ದೊಂದನ್ನ ನಿನಗೆ ಕೊಟ್ಟು ಊರಿನವರ ಹತ್ತಿರ ಮನೆಹಾಳ ಅನ್ನಿಸ್ಕೊಂಡರು — ನಾಲಿಗೆ ತುದಿಗೆ ಬಂತು, ಬಂದೇಬಿಟ್ಟಿತು, ಅವಳ ಭುಜದ ಮೇಲಿಂದ ಇವರನ್ನ ನೋಡಿದೆ. ಅಷ್ಟು ಜನರ ನಡುವೆ ಒಬ್ಬರೇ. ತೋರುಬೆರಳು ತುಟಿಯ ಮೇಲಿದೆ. ತೊಟ್ಟಿಲಲ್ಲಿ ಇವಳು ಅತ್ತೂ ಅತ್ತೂ ಆಗಷ್ಟೇ ಕಣ್ಣು ಮುಚ್ಚಿದಾಗ ನಾನು ಪಾತ್ರೆ ಸದ್ದು ಮಾಡಿದರೆ ಬಾಗಿಲಲ್ಲಿ ನಿಂತು ಹೀಗೇ, ಶ್, ಮಲಗಿದ್ದಾಳೆ, ಎಬ್ಬಿಸಬೇಡ. ಅಮ್ಮಾ, ಹೇಳು, ನಿಂದೇ ಅಲ್ವಾ. ತುಟಿಯ ಮೇಲೆ ಬೆರಳು. ಹೂಂ ಅಂದೆ. ಅವಳು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡಳು, ನನ್ನ ಹೆಗಲು ಒದ್ದೆ ಆಗ್ತಿದೆ, ಅಲ್ಲಿ ದೀಪ ಆರಿಸ್ತಿದ್ದಾರೆ, ಮೇಜು ಮಡಚ್ತಿದ್ದಾರೆ, ಇವರು ಕದಲಿಲ್ಲ, ಆ ಬೆರಳು, ತುಟಿಯ ಮೇಲೆ ಆ ಬೆರಳು, ಆ ಬೆರಳು